ಪ್ಲಗ್ ಪಾಯಿಂಟಿನಲ್ಲಿ ನೆಲೆಸಿರುವ ದಂಪತಿಗಳಿಗೆ ಸನ್ಮಾನ

ಮೆಟ್ಟಿಲ ಕೆಳಗಿನ ಕತ್ತಲಲ್ಲಿ ವಾಸವಾಗಿದ್ದುಕೊಂಡೇ ಮೂರು ಮಹಡಿಗಳ ಬೆಳಕನ್ನು ಆಳುತ್ತಿರುವ, ಇಂದಿನ ಸಮಾರಂಭದ ಅಧ್ಯಕ್ಷರಾದ ಸನ್ಮಾನ್ಯ ಡಿಸ್ಟ್ರಿಬ್ಯೂಷನ್ ಬೋರ್ಡ್ ಅವರೇ, ಅವರ ಮಡಿಲಲ್ಲಿ ಸಾಲಾಗಿ ಕೂತು ಸಣ್ಣಪುಟ್ಟದ್ದಕ್ಕೂ ಮುನಿಸಿಕೊಂಡು ತಲೆ ಕೆಳಗೆ ಹಾಕುವ ಎಂಸಿಬಿ ಬಳಗದವರೇ, ಡಿಸ್ಟಿಲ್ಡ್ ವಾಟರ್ ಹೊರತು ಬೇರೇನನ್ನೂ ಮುಟ್ಟದ ಪರಮ ಸಾತ್ವಿಕರಾದ ಯುಪಿಎಸ್ ಬ್ಯಾಟರಿಯವರೇ, ಉದ್ಘಾಟನಾ ಭಾಷಣವನ್ನು ಚಟ್ನಿಯ ಮೂಲಕವೇ ಮಾಡಿ ಮುಗಿಸಿದ ಮಾನ್ಯ ಮಿಕ್ಸಿಯವರೇ, ಐದು ಬಾಯಿ, ಒಂದೇ ಬಾಲದ ಮುಖ್ಯ ಅತಿಥಿ ಸ್ಪೈಕ್ ಬಸ್ಟರ್ ಅವರೇ, ಟಿವಿಯ ಹಿಂದೆ ಅಡಗಿ ಕೂತು ಊರಿಗೆಲ್ಲ ದರ್ಶನ ಕೊಡುತ್ತೇನೆಂದು ನಂಬಿಸಿರುವ ರೌಟರ್ ಮಹಾಶಯರೇ, ಎರಡನೇ ಮಹಡಿಯ ರೂಮಿನಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ "ನನ್ನ ಧ್ವನಿ ಕೇಳಿಸ್ತಾ ಇದೆಯಾ?" ಎಂದು ಕೇಳಿ ಕೇಳಿ ಗಂಟಲು ಕಟ್ಟಿಕೊಂಡಿರುವ ನಾಗರಿಕ ಬಂಧುಗಳೇ, ಮತ್ತು, ಆಹ್ವಾನವಿದ್ದರೂ ಬಾರದ, ಫೋನ್ ಮಾಡಿದರೆ ಎತ್ತದ, ಈ ಸಮಾರಂಭಕ್ಕೆ ಮೂಲ ಕಾರಣಕರ್ತರಾದ ನಮ್ಮ ಮನೆಯ ಕಂಟ್ರಾಕ್ಟರ್ ಸಾಹೇಬರೇ,



ಬೆಂಗಳೂರಿನ ಈ ಥರ್ಟಿ-ಫಾರ್ಟಿ ಸೈಟಿನಲ್ಲಿ, ಕಬ್ಬಿಣ, ಸಿಮೆಂಟು, ಗ್ರಾನೈಟುಗಳ ಈ ಭದ್ರ ಕೋಟೆಯಲ್ಲಿ, ಇಂದು ನಾವು ಸನ್ಮಾನಿಸಲು ಹೊರಟಿರುವುದು ಪವರ್‌ಲೈನ್ ಅಡಾಪ್ಟರ್ ದಂಪತಿಗಳನ್ನು. ದಂಪತಿಗಳು ಎಂದದ್ದು ಅಲಂಕಾರಕ್ಕಲ್ಲ. ಅಂಗಡಿಯಲ್ಲಿ ಇವರು ಸಾಮಾನ್ಯವಾಗಿ ಜೋಡಿಯಾಗಿಯೇ ಸಿಗುತ್ತಾರೆ. ಯಜಮಾನರು ಕೆಳಗೆ ರೌಟರ್ ಪಕ್ಕದ ಪ್ಲಗ್ ಪಾಯಿಂಟಿನಲ್ಲಿ ಕೂರುತ್ತಾರೆ, ಒಂದು ಲ್ಯಾನ್ ವೈರಿನಿಂದ ರೌಟರ್‌ಗೆ ಬಂಧಿತರಾಗಿ. ಯಜಮಾನಿತಿ ಮೇಲಿನ ರೂಮಿನ ಪಾಯಿಂಟಿನಲ್ಲಿ ಕೂತು ಲ್ಯಾಪ್‌ಟಾಪಿಗೆ ವೈರು ಕೊಡುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮಾತುಕತೆಯೆಲ್ಲ ಗೋಡೆಯೊಳಗಿನ ಕರೆಂಟು ವೈರಿನ ಮೂಲಕ.

ಹೇಗೆ ಎಂದು ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ವೈರಿನಲ್ಲಿ ಹರಿಯುವ 230 ವೋಲ್ಟಿನ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ. ಈ ದಂಪತಿಗಳು ಅದೇ ತಾಮ್ರದ ಮೇಲೆ ಸುಮಾರು 2ರಿಂದ 30 ಮೆಗಾಹರ್ಟ್ಸ್ ನಡುವಿನ ಸಂಕೇತವನ್ನು ಕೂರಿಸುತ್ತಾರೆ. ಹೊಸ ತಲೆಮಾರಿನವರು 86ರವರೆಗೂ ಏರುತ್ತಾರೆ. ಒಂದು ತೀರಾ ನಿಧಾನ, ಇನ್ನೊಂದು ತೀರಾ ಚುರುಕು. ಹಾಗಾಗಿ ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಸಂಕೇತವನ್ನು ಒಂದೇ ಹೊಳೆಯಾಗಿ ಬಿಡದೆ ಸಾವಿರಕ್ಕೂ ಹೆಚ್ಚು ಸಣ್ಣ ಕಾಲುವೆಗಳಾಗಿ ಒಡೆದು, ಯಾವ ಕಾಲುವೆಯಲ್ಲಿ ಗದ್ದಲವಿದೆಯೋ ಅಲ್ಲಿ ಕಡಿಮೆ, ಎಲ್ಲಿ ಶಾಂತವಿದೆಯೋ ಅಲ್ಲಿ ಹೆಚ್ಚು ತುಂಬಿ ಕಳಿಸುತ್ತಾರೆ. ಇದು ನಿಜಕ್ಕೂ ಮೆಚ್ಚಬೇಕಾದ ವಿದ್ಯೆ. ಚಪ್ಪಾಳೆ.

ಇವರ ವಂಶಾವಳಿಯನ್ನು ಹೇಳದೆ ಶಾಲು ಹೊದಿಸುವುದು ಸಂಪ್ರದಾಯವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಆಗ ತಂತಿಗೆ ಕರೆಂಟು ಹೊರುವುದೊಂದೇ ಕೆಲಸ. ಆಮೇಲೆ ಅದೇ ಹೈಟೆನ್ಷನ್ ತಂತಿಗಳ ಮೇಲೆ ಒಂದು ಸಬ್‌ಸ್ಟೇಷನ್ನಿನಿಂದ ಇನ್ನೊಂದಕ್ಕೆ ಫೋನ್ ಮಾಡುವ ವ್ಯವಸ್ಥೆ ಬಂತು. ಹೆದ್ದಾರಿಯ ಪಕ್ಕದ ದೊಡ್ಡ ಸಬ್‌ಸ್ಟೇಷನ್ನುಗಳಲ್ಲಿ ತಂತಿಯ ದಾರಿಯಲ್ಲೇ ಪೀಪಾಯಿ ಗಾತ್ರದ ಸುರುಳಿಗಳು ಕಾಣುತ್ತವಲ್ಲ, ಆ ವೇವ್ ಟ್ರ್ಯಾಪುಗಳು ಇರುವುದೇ ಈ ಮಾತು ಕರೆಂಟಿನ ಜೊತೆ ಬೇಡದ ಕಡೆಗೆ ಹರಿದುಹೋಗದಂತೆ ತಡೆಯಲು. ಮನೆಗಳಿಗೆ ಈ ಕುಲ ಕಾಲಿಟ್ಟದ್ದು 2001ರಲ್ಲಿ, ಹೋಮ್‌ಪ್ಲಗ್ ಎಂಬ ಮಾನದಂಡದ ಹೆಸರಿನಲ್ಲಿ, ಸೆಕೆಂಡಿಗೆ 14 ಮೆಗಾಬಿಟ್ ವೇಗದೊಂದಿಗೆ. 2005ರ ಹೊತ್ತಿಗೆ 200. ಆಮೇಲೆ 500, 600, 1000, 2000 ಎಂದು ಬಿರುದುಗಳು ಏರುತ್ತಲೇ ಹೋದವು.

ಬಿರುದುಗಳು! ಇಲ್ಲಿ ನನ್ನ ಅಭಿನಂದನಾ ಪತ್ರವನ್ನು ಸ್ವಲ್ಪ ಹೊತ್ತು ಮಡಚಿಡುತ್ತೇನೆ. ಡಬ್ಬದ ಮೇಲೆ ಅಂಗೈ ಅಗಲಕ್ಕೆ 1000 ಎಂದು ಅಚ್ಚು ಹಾಕಿದ ಪುಣ್ಯಾತ್ಮರು ಯಾರ್ರೀ? ಅದು ತಾಮ್ರದ ಮೇಲೆ ಹೋಗುವ ಮಾತೂ ಬರುವ ಮಾತೂ ಹಂಚಿಕೊಳ್ಳಬೇಕಾದ, ತಮ್ಮದೇ ಒಳಗಿನ ಸಂಭಾಷಣೆಗೆ ಖರ್ಚಾಗುವುದನ್ನೂ ಸೇರಿಸಿ ಕಾಗದದ ಮೇಲೆ ಹಾಕಿದ ಗರಿಷ್ಠ ಅಂಕಿ. ಮನೆಯಲ್ಲಿ ಅದರ ಕಾಲು ಭಾಗ ಬಂದರೂ ಹಬ್ಬ ಮಾಡಬೇಕು. 600 ಎಂದು ಬರೆದ ಎಷ್ಟೋ ಅಡಾಪ್ಟರುಗಳಿಗೆ ಇರುವ ಲ್ಯಾನ್ ಕಿಂಡಿಯೇ 100ರದ್ದು. 600 ಒಳಗೆ ಹುಟ್ಟಿದರೂ ಹೊರಗೆ ಬರಲು ಬಾಗಿಲೇ ಇಲ್ಲ! ಇದನ್ನು ಡಬ್ಬದ ಹಿಂಭಾಗದಲ್ಲಿ ಇರುವೆ ಕಣ್ಣಿನ ಅಕ್ಷರದಲ್ಲಿ ಬರೆದಿರುತ್ತಾರೆ. ಕ್ಷಮಿಸಬೇಕು, ಅಧ್ಯಕ್ಷರೇ. ಪತ್ರ ಬಿಚ್ಚುತ್ತೇನೆ.

ಹಾಗೆಂದು ದಂಪತಿಗಳನ್ನು ಕಡೆಗಣಿಸಲಾಗದು. ಆಫೀಸಿನ ವಿಡಿಯೋ ಮೀಟಿಂಗಿಗೆ ಬೇಕಾದದ್ದು 4-5 ಎಂಬಿಪಿಎಸ್. 25 ಇದ್ದರೆ ದೊಡ್ಡ ಟಿವಿಯಲ್ಲಿ ಫೋರ್‌ಕೆ ಸಿನಿಮಾ ಕೂಡ ಓಡುತ್ತದೆ. ಕಬ್ಬಿಣದ ಜಾಲರಿ ಕೂರಿಸಿ ಮೋಲ್ಡಿಂಗ್ ಹಾಕಿದ ಎರಡು ತಾರಸಿಗಳನ್ನು ದಾಟಿ ವೈಫೈ ಮೇಲಕ್ಕೆ ಬರುವುದರೊಳಗೆ ಉಸಿರು ಬಿಟ್ಟಿರುತ್ತದೆ. ಇದಕ್ಕೆ ಪರಿಹಾರವೆಂದು ಅಂಗಡಿಯವನು ಮೊದಲು ಕೈಗಿಡುವುದು ವೈಫೈ ಬೂಸ್ಟರ್. ಒಂದೇ ರೇಡಿಯೋದ ಅಗ್ಗದ ಬೂಸ್ಟರ್ ಅದೇ ಚಾನೆಲ್ಲಿನಲ್ಲಿ ಕೇಳಿಸಿಕೊಂಡು ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳಬೇಕು, ಆದ್ದರಿಂದ ವೇಗ ಅಲ್ಲೇ ಅರ್ಧವಾಗುತ್ತದೆ. ಫೋನಿನಲ್ಲಿ ವೈಫೈ ಕಡ್ಡಿ ಮಾತ್ರ ಪೂರ್ತಿ ತುಂಬಿರುತ್ತದೆ, ಯಾಕೆಂದರೆ ಅದು ತೋರಿಸುವುದು ಬೂಸ್ಟರಿನ ಸಾಮೀಪ್ಯವನ್ನು! ಆ ಮೋಸಕ್ಕಿಂತ ನಮ್ಮ ದಂಪತಿಗಳ ಬಡತನ ಎಷ್ಟೋ ಮೇಲು. ಶಾಲು ತರಿಸಿ.

ಶಾಲು ಹೊದಿಸುವ ಮುಂಚೆ ವೇದಿಕೆಯ ಮೇಲಿನ ಗಣ್ಯರ ಬಗ್ಗೆ ಎರಡು ಮಾತು. ಇವರಲ್ಲಿ ಬಹುತೇಕರು ಸನ್ಮಾನಿತರ ಶತ್ರುಗಳು. ಮೊದಲನೆಯವರು ಸ್ಪೈಕ್ ಬಸ್ಟರ್. ಕರೆಂಟಿನ ಏಟು ತಡೆಯುವ ಅವರ ಒಳಗಿನ ಫಿಲ್ಟರ್ ಈ ಬಡ ಸಂಕೇತವನ್ನೂ ತುಂಟ ಏಟೆಂದೇ ತಿಳಿದು ನುಂಗಿಬಿಡುತ್ತದೆ. ದಂಪತಿಗಳನ್ನು ನೇರವಾಗಿ ಗೋಡೆಯ ಪಾಯಿಂಟಿಗೇ ಹಾಕಬೇಕು, ಎಕ್ಸ್‌ಟೆನ್ಷನ್ ಬೋರ್ಡಿಗಲ್ಲ. ಅಡಾಪ್ಟರಿಗೇ ಹೊಟ್ಟೆಯ ಮೇಲೊಂದು ಸಾಕೆಟ್ ಇರುವ ಮಾದರಿ ಸಿಗುತ್ತದೆ. ಗದ್ದಲದ ಚಾರ್ಜರುಗಳನ್ನು, ಸ್ಪೈಕ್ ಬಸ್ಟರನ್ನು ಅದಕ್ಕೆ ಸಿಕ್ಕಿಸಿದರೆ ಅದರೊಳಗಿನ ಫಿಲ್ಟರ್ ಗದ್ದಲವನ್ನು ಈಚೆಗೆ ಬಿಡುವುದಿಲ್ಲ. ಎರಡನೆಯವರು ಮಿಕ್ಸಿ. ಒಳಗೆ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತಾ ತಿರುಗುವಷ್ಟು ಹೊತ್ತೂ ವೈರಿನಲ್ಲಿ ಗಲಭೆ. ಅಮ್ಮ ಚಟ್ನಿಗೆ ಹಾಕಿದ ಕ್ಷಣವೇ ಮೇಲಿನ ಮೀಟಿಂಗಿನಲ್ಲಿ ಮ್ಯಾನೇಜರ ಮುಖ ಚೌಕಚೌಕವಾಗುವುದು ಕಾಕತಾಳೀಯವಲ್ಲ. ಕೆಲವು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳು ಕೂಡ ಕರೆಂಟನ್ನು ಸೆಕೆಂಡಿಗೆ 100 ಸಲ ಕತ್ತರಿಸುತ್ತವೆ. ಸಂತೆಯಲ್ಲಿ ಕೊಂಡ ಎಲ್‌ಇಡಿ ಬಲ್ಬು, ಫೋನ್ ಚಾರ್ಜರುಗಳ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ಸಾತ್ವಿಕರಾದ ಯುಪಿಎಸ್ ಅವರೂ ಕಡಿಮೆಯೇನಲ್ಲ. ನಮ್ಮ ಊರಿನ ಮನೆಗಳಲ್ಲಿ ದೀಪ, ಫ್ಯಾನು, ರೌಟರ್ ಇರುವ ಪಾಯಿಂಟು ಯುಪಿಎಸ್ ಲೈನಿನಲ್ಲಿ. ಉಳಿದ ಪಾಯಿಂಟುಗಳು ನೇರ ಲೈನಿನಲ್ಲಿ. ಯಜಮಾನರನ್ನು ಯುಪಿಎಸ್ ಪಾಯಿಂಟಿನಲ್ಲೂ ಯಜಮಾನಿತಿಯನ್ನು ನೇರ ಪಾಯಿಂಟಿನಲ್ಲೂ ಕೂರಿಸಿದರೆ, ನಡುವೆ ಯುಪಿಎಸ್ಸಿನ ಹೊಟ್ಟೆಯನ್ನು ದಾಟಿ ಮಾತು ಹೋಗಬೇಕು, ಅಲ್ಲೇ ಸೊರಗುತ್ತದೆ. ದಾಟಿತು ಎಂದೇ ಇಟ್ಟುಕೊಳ್ಳಿ. ಕರೆಂಟು ಹೋದ ಕೂಡಲೇ ಕೆಳಗೆ ರೌಟರೂ ಯಜಮಾನರೂ ಎಚ್ಚರವಾಗಿರುತ್ತಾರೆ, ಮೇಲೆ ಯಜಮಾನಿತಿ ಮಾತ್ರ ಕಣ್ಣು ಮುಚ್ಚುತ್ತಾರೆ. ಇಬ್ಬರನ್ನೂ ಒಂದೇ ಲೈನಿನಲ್ಲಿ ಕೂರಿಸಿ, ಸಾಧ್ಯವಿದ್ದರೆ ಇಬ್ಬರನ್ನೂ ಯುಪಿಎಸ್ ಲೈನಿನಲ್ಲೇ.

ಇನ್ನು ಅಧ್ಯಕ್ಷರು. ತ್ರೀ ಫೇಸ್ ಕನೆಕ್ಷನ್ ಇರುವ ಮನೆಯಲ್ಲಿ ಲೋಡು ಹಂಚಲೆಂದು ನೆಲಮಹಡಿ ಒಂದು ಫೇಸಿಗೆ, ಮೊದಲನೆಯದು ಇನ್ನೊಂದಕ್ಕೆ, ಎರಡನೆಯದು ಮತ್ತೊಂದಕ್ಕೆ ಹೋಗಿರುತ್ತದೆ. ಒಂದು ಫೇಸಿನಿಂದ ಇನ್ನೊಂದಕ್ಕೆ ಸಂಕೇತ ಹಾಯುವುದು ವೈರುಗಳು ಪಕ್ಕಪಕ್ಕದಲ್ಲಿ ಓಡುವಾಗ ಸೋರಿದಷ್ಟು ಮಾತ್ರ. ಮೇಲಿನ ರೂಮಿನ ಒಂದು ಸರ್ಕ್ಯೂಟನ್ನು ರೌಟರ್ ಇರುವ ಫೇಸಿಗೆ ಬದಲಿಸಲು ಲೋಡು ಅನುಮತಿಸುತ್ತದೆಯೇ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿ. ಅವನನ್ನೇ ಕೇಳಿ, ಸ್ಕ್ರೂಡ್ರೈವರ್ ಹಿಡಿದು ನೀವೇ ಅಧ್ಯಕ್ಷರ ಮುಖಕ್ಕೆ ಕೈ ಹಾಕಬೇಡಿ. ಬಾಡಿಗೆಗೆಂದು ಮಹಡಿಗೊಂದು ಮೀಟರ್ ಇದ್ದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಉಲ್ಟಾ ಚಿಂತೆ: ಸಂಕೇತ ಪಕ್ಕದ ಮನೆಗೂ ಸೋರಬಹುದು. ಡಬ್ಬದಿಂದ ತೆಗೆದ ಹೊಸದರಲ್ಲಿ ಎಲ್ಲ ಜೋಡಿಗಳ ಗುಟ್ಟು ಒಂದೇ ಇರುವ ಸಾಧ್ಯತೆಯುಂಟು. ಪೇರ್ ಬಟನ್ ಒತ್ತಿ ಇಬ್ಬರಿಗೂ ಹೊಸ ಕೀಲಿ ಹಾಕಿಸಿ. ಆಮೇಲೆ ಅವರ ಮಾತು 128 ಬಿಟ್ಟಿನ ಬೀಗದೊಳಗೆ.

ಅರ್ಥಿಂಗ್ ವಿಷಯ ಬಿಟ್ಟುಹೋಗುತ್ತಿತ್ತು. ಹೊಸ ತಲೆಮಾರಿನ ಕೆಲವು ಅಡಾಪ್ಟರುಗಳು ಫೇಸ್, ನ್ಯೂಟ್ರಲ್ ಜೊತೆಗೆ ಅರ್ಥ್ ವೈರನ್ನೂ ದಾರಿಯಾಗಿ ಬಳಸಿಕೊಳ್ಳುತ್ತವೆ. ಇಲ್ಲಿ ಸಿಗುವ ಹಲವಕ್ಕೆ ಇರುವುದು ವಿದೇಶಿ ಪಿನ್ನು, ನಾವು ಸಿಕ್ಕಿಸುವುದು ಅರ್ಥ್ ಪಿನ್ನೇ ಇಲ್ಲದ ಅಗ್ಗದ ಕನ್ವರ್ಟರಿಗೆ, ಅದರ ಹಿಂದಿನ ಸಾಕೆಟ್ಟಿನ ಅರ್ಥ್ ತೂತಿನೊಳಗೆ ವೈರೇ ಇಲ್ಲ. ಮೂರನೇ ತೂತನ್ನು ಬರೀ ಅಲಂಕಾರಕ್ಕೆ ಕೊರೆದವರು ಯಾರು ಎಂದು ಹೇಳಬೇಕೇ? ನಮ್ಮ ಕಂಟ್ರಾಕ್ಟರ್ ಸಾಹೇಬರು.

ಹೌದು, ಅವರ ಹೆಸರು ಹೇಳುವುದಿಲ್ಲ. ಶೋಕೇಸಿನೊಳಗೆ ಗೊಂಬೆಗಳಿಗೆ ಬೆಳಕು ಬೇಕೆಂದು ಪಾಯಿಂಟು ಕೊಟ್ಟ ಮಹನೀಯರು. ಫಾಲ್ಸ್ ಸೀಲಿಂಗಿನ ನಾಲ್ಕು ಮೂಲೆಗೂ ನೀಲಿ ದೀಪದ ಪೈಪು ಎಳೆದವರು. ಬಾತ್‌ರೂಮಿನ ಗೀಸರಿಗೆ, ಗೇಟಿನ ಬೆಲ್ಲಿಗೆ, ಇನ್ನೂ ಕೊಳ್ಳದ ಡಿಶ್‌ವಾಷರಿಗೆ ಪೈಪು ಹಾಕಿದವರು. ರೌಟರ್ ಇರುವ ಹಜಾರದಿಂದ ಮೇಲಿನ ಮಹಡಿಗೆ ಒಂದೇ ಒಂದು ಖಾಲಿ ಪೈಪು? "ಈಗೆಲ್ಲ ವೈಫೈ ಸಾರ್, ವೈರು ಯಾರು ಹಾಕಿಸ್ತಾರೆ" ಎಂದರು. ಆ ಪೈಪು ಇದ್ದಿದ್ದರೆ ಒಂದು ಕ್ಯಾಟ್-6 ಕೇಬಲ್ ಎಳೆದು, 100 ಮೀಟರ್‌ವರೆಗೂ ಪೂರ್ತಿ ಗಿಗಾಬಿಟ್ ವೇಗ ಪಡೆದು, ಮಿಕ್ಸಿ ತಿರುಗಲಿ, ಫ್ಯಾನು ತಿರುಗಲಿ, ಭೂಮಿ ತಿರುಗಲಿ, ಯಾವುದಕ್ಕೂ ಹೆದರದೆ ಇರಬಹುದಿತ್ತು. ಈ ಸನ್ಮಾನವೇ ಬೇಕಿರಲಿಲ್ಲ. ಈ ಪೇಟ, ಈ ಹಾರ, ಈ ಹಣ್ಣಿನ ಬುಟ್ಟಿ, ಯಾವುದೂ!

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ.

ಪೂಜ್ಯ ದಂಪತಿಗಳೇ, ನೀವು ಕೇಬಲ್ಲಿಗೆ ಸಮರಲ್ಲ. ಅಗ್ಗದ ಬೂಸ್ಟರಿಗಿಂತ ಮೇಲು. ನಿಮ್ಮ ಯೋಗ್ಯತೆ ನಮ್ಮ ಗೋಡೆಯೊಳಗಿನ ವೈರಿನ ಯೋಗ್ಯತೆಯಷ್ಟೇ, ಅದನ್ನು ಗೋಡೆ ಒಡೆಯದೆ ಯಾರೂ ಮೊದಲೇ ಹೇಳಲಾರರು. ಈ ತೀರ್ಪಿನೊಂದಿಗೆ ನಿಮಗೆ ಪೇಟ ತೊಡಿಸಲಾಗಿದೆ. ಗಾಳಿಯಾಡುವ ತೂತುಗಳನ್ನು ಮುಚ್ಚಿಕೊಳ್ಳದಿರಿ, ನೀವು ಮೊದಲೇ ಬಿಸಿಯಾಗುವವರು.

ಸಭಿಕರಲ್ಲಿ ನನ್ನ ವಿನಂತಿ. ಮನೆ ಆಗಲೇ ಕಟ್ಟಿಯಾಗಿದ್ದರೆ, ಈ ಜೋಡಿಯನ್ನು ವಾಪಸು ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಮನೆಯವರೆಲ್ಲ ಎದ್ದು ಓಡಾಡುವ, ಅಡುಗೆಮನೆ ಗಿಜಿಗುಡುವ ಹೊತ್ತಿನಲ್ಲಿ ವೇಗ ಅಳೆದು ನೋಡಿ. ಸಾಲದಿದ್ದರೆ ಬಿಲ್ಲಿನ ಜೊತೆ ಹಿಂದಿರುಗಿಸಿ. ಗೋಡೆಗೆ ಇನ್ನೂ ಪ್ಲಾಸ್ಟರಿಂಗ್ ಆಗದವರು ನಾಳೆ ಬೆಳಿಗ್ಗೆಯೇ ಸೈಟಿಗೆ ಹೋಗಿ, ಕರೆಂಟಿನ ಪೈಪಿನಿಂದ ಬೇರೆಯಾಗಿ ಮಹಡಿಗೊಂದು ಒಂದಿಂಚಿನ ಖಾಲಿ ಪೈಪು, ಅದರೊಳಗೆ ಎಳೆಯಲೊಂದು ತಂತಿ ಬಿಡಿಸಿ. ಕಂಟ್ರಾಕ್ಟರ್ ಬೇಡ ಎಂದರೆ ಮುಂದಿನ ಕಂತಿನ ಚೆಕ್ಕನ್ನು ಪೈಪು ನೋಡಿದ ಮೇಲೆ ಕೊಡಿ.