ಮಂಡಿಗೆ ಸೂಜಿ ಹಾಕುವ ಮುನ್ನ: ಮೂಳೆ ವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಮೂಳೆ ಡಾಕ್ಟರರೇ,

ಮಂಡಿ ಸವೆದವರಿಗೆ ನೀವು ಕೊಡುವ ಇಂಜೆಕ್ಷನ್ನುಗಳ ಬಗ್ಗೆ ಈ ಪತ್ರ. ನನ್ನ ಕೋರಿಕೆ ಒಂದೇ. ಸೂಜಿ ಹಾಕುವ ಮುಂಚೆ, ಆ ಔಷಧ ಬರೀ ಉಪ್ಪುನೀರಿನ ಎದುರು ಎಷ್ಟು ಗೆದ್ದಿದೆ ಎಂದು ರೋಗಿಗೆ ಬಿಡಿಸಿ ಹೇಳಿ.

ಉಪ್ಪುನೀರು ಎಂದರೆ ಡ್ರಿಪ್ ಬಾಟಲಿಯಲ್ಲಿರುತ್ತದಲ್ಲ, ಅದೇ ಸಲೈನ್. ಪರೀಕ್ಷೆಯಲ್ಲಿ ಕೆಲವರ ಮಂಡಿಗೆ ಔಷಧ, ಉಳಿದವರ ಮಂಡಿಗೆ ಸಲೈನ್ ಚುಚ್ಚುತ್ತಾರೆ. ತನಗೆ ಸಿಕ್ಕಿದ್ದು ಯಾವುದೆಂದು ರೋಗಿಗೆ ತಿಳಿದಿರುವುದಿಲ್ಲ. ಸವೆತದ ನೋವು ಏರುತ್ತಾ ಇಳಿಯುತ್ತಾ ಇರುವಂಥದ್ದು. ತಡೆಯಲಾರದಷ್ಟು ಏರಿದಾಗಲೇ ನಾವು ನಿಮ್ಮಲ್ಲಿಗೆ ಬರುತ್ತೇವೆ. ಆಮೇಲೆ ಅದು ತಾನಾಗಿ ಇಳಿದರೂ ಹೆಸರು ಸೂಜಿಗೇ ಬರುತ್ತದೆ. ಹಾಗಾಗಿ ಈ ಹೋಲಿಕೆಯಿಲ್ಲದೆ ಯಾವ ಇಂಜೆಕ್ಷನ್ನಿನ ಗುಣವನ್ನೂ ಅಳೆಯಲಾಗದು.

ನನ್ನ ಚಿಕ್ಕಮ್ಮನ ಎಕ್ಸ್‌ರೇಯನ್ನು ಒಬ್ಬ ಡಾಕ್ಟರು ಬೆಳಕಿಗೆ ಹಿಡಿದರು. ಪೆನ್ನಿನ ತುದಿಯನ್ನು ಎರಡು ಮೂಳೆಗಳ ನಡುವಿನ ಸಣ್ಣ ಗೆರೆಯ ಮೇಲಿಟ್ಟು, "ಗ್ಯಾಪ್ ಹೋಗಿದೆ ಅಮ್ಮಾ, ಗ್ರೀಸ್ ಖಾಲಿ. ಜೆಲ್ ತುಂಬಿಸೋಣ" ಎಂದರು. ಚಿಕ್ಕಮ್ಮ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತೇ ಮಂಡಿ ಸವೆಸಿಕೊಂಡವರು. ಮೋಟಾರಿಗೆ ಗ್ರೀಸ್ ಹಾಕುವುದನ್ನು ದಿನಾ ನೋಡಿದವರು. ಆ ಮಾತಿಗೆ ತಕ್ಷಣ ತಲೆಯಾಡಿಸಿದರು. ಒಪ್ಪಿಗೆ ಸಿಕ್ಕಿತು, ನಿಜ. ಆದರೆ ಅವರಿಗೆ ತಿಳಿಯಬೇಕಾದ್ದು ತಿಳಿಯಲೇ ಇಲ್ಲ.

ಜೆಲ್ ಎಂದು ಕರೆಯುವ ಹಯಲುರಾನಿಕ್ ಆಸಿಡ್ಡಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಕೊಟ್ಟದ್ದು ಔಷಧವೆಂದಲ್ಲ, ವೈದ್ಯಕೀಯ ಸಾಧನವೆಂದು. 2022ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ 169 ಪರೀಕ್ಷೆಗಳ, 21 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಒಟ್ಟಿಗೆ ಪ್ರಕಟವಾಯಿತು. ದೊಡ್ಡ ಪರೀಕ್ಷೆಗಳನ್ನಷ್ಟೇ ತೆಗೆದುಕೊಂಡರೆ, ನೋವನ್ನು 100 ಮಿಲಿಮೀಟರ್ ಗೆರೆಯ ಮೇಲೆ ಗುರುತಿಸಿದಾಗ ಜೆಲ್ಲಿಗೂ ಹುಸಿಮದ್ದಿಗೂ ಇದ್ದ ಅಂತರ ಸುಮಾರು 2 ಮಿಲಿಮೀಟರ್. ಅಷ್ಟು ವ್ಯತ್ಯಾಸ ರೋಗಿಯ ಅರಿವಿಗೇ ಬರುವುದಿಲ್ಲ. ಗಂಭೀರ ತೊಂದರೆಗಳು ಮಾತ್ರ ಜೆಲ್ ಪಡೆದವರಲ್ಲಿ ಒಂದೂವರೆ ಪಟ್ಟಿನಷ್ಟು ಕಂಡವು. ಒಟ್ಟಿನಲ್ಲಿ ಅವು ವಿರಳವೇ, ಆದರೂ ಹೇಳಬೇಡವೇ? ಅದೇ ವರ್ಷ, ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಜೆಲ್ ಕೊಡಲೇಬೇಡಿ ಎಂದು ತನ್ನ ವೈದ್ಯರಿಗೆ ಸೂಚಿಸಿತು.

ಪಿಆರ್‌ಪಿಯ ಕಥೆಯೂ ಹೆಚ್ಚು ಬೇರೆಯಲ್ಲ. ನಮ್ಮದೇ ರಕ್ತ ತೆಗೆದು, ತಿರುಗಿಸಿ, ಅದರ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ನಮಗೇ ಚುಚ್ಚುವುದು ಎಂದ ಕೂಡಲೇ ಜನರಿಗೆ ನಂಬಿಕೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷ ಕಳೆದ ಮೇಲೆ ನೋವಿನಲ್ಲಾಗಲೀ ಮೃದ್ವಸ್ಥಿಯ (ಕೀಲಿನ ಮೆದು ಮೂಳೆಯ) ಪ್ರಮಾಣದಲ್ಲಾಗಲೀ ಸಲೈನಿಗಿಂತ ಹೇಳಿಕೊಳ್ಳುವಂಥ ಮೇಲುಗೈ ಕಾಣಲಿಲ್ಲ.

ಸ್ಟೆರಾಯ್ಡಿನ ವಿಷಯದಲ್ಲಿ ನಾನು ನಿಮ್ಮ ಪರ, ಒಂದು ಮಿತಿಯವರೆಗೆ. ಮಂಡಿ ಊದಿ ಹೆಜ್ಜೆ ಇಡಲಾಗದವರಿಗೆ ಕೆಲವು ವಾರಗಳ ಆರಾಮ ಅದರಿಂದ ಸಿಗುತ್ತದೆ. ಆದರೆ ಮೂರು ತಿಂಗಳಿಗೊಂದರಂತೆ ಎರಡು ವರ್ಷ ಕೊಟ್ಟು ನೋಡಿದ 2017ರ ಪರೀಕ್ಷೆಯಲ್ಲಿ ನೋವು ಸಲೈನಿಗಿಂತ ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ತೆಳುವಾಯಿತು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರುತ್ತದೆ ಎಂಬ ಎಚ್ಚರಿಕೆಯನ್ನಾದರೂ ದಯವಿಟ್ಟು ಮರೆಯಬೇಡಿ.

ನೋವು ಇಳಿಸಿದರೆ ಸಾಕು ಎನ್ನುವವರು ಟ್ಯಾನೆಜುಮ್ಯಾಬ್ ಹೆಸರು ನೆನೆಯಬೇಕು. ನೋವಿನ ನರಗಳನ್ನು ಚುರುಕುಗೊಳಿಸುವ ನರವರ್ಧಕ ಪ್ರೋಟೀನನ್ನೇ ತಡೆಯುವ ಇಂಜೆಕ್ಷನ್ ಅದು. ನೋವು ನಿಜಕ್ಕೂ ಇಳಿಯಿತು. ಆದರೆ ಕೆಲವರ ಕೀಲುಗಳು ವೇಗವಾಗಿ ಹಾಳಾಗತೊಡಗಿದವು, 2010ರಲ್ಲಿ ಪರೀಕ್ಷೆಗಳಿಗೆ ತಡೆ ಬಿತ್ತು. ಮತ್ತೆ ಆರಂಭಿಸಿ, ಡೋಸ್ ಇಳಿಸಿ ನೋಡಿದರೂ ಆ ಅಪಾಯ ಹೋಗಲಿಲ್ಲ. 2021ರ ಮಾರ್ಚಿನಲ್ಲಿ ಎಫ್‌ಡಿಎ ಸಲಹಾ ಸಮಿತಿಯ 20 ಸದಸ್ಯರಲ್ಲಿ 19 ಮಂದಿ ಅದರ ವಿರುದ್ಧ ಮತ ಹಾಕಿದರು. ಆ ವರ್ಷವೇ ಅದನ್ನು ರೂಪಿಸುತ್ತಿದ್ದ ಕಂಪನಿಗಳು ಕೈಬಿಟ್ಟವು. ನೋವಿಗಾಗಿ ಬಂದ ಮದ್ದು ಕೀಲನ್ನೇ ತಿಂದ ಆ ವಿಪರ್ಯಾಸ ಬೆಳಕಿಗೆ ಬಂದದ್ದು ಯಾರೋ ಕೂತು ಲೆಕ್ಕ ಇಟ್ಟಿದ್ದರಿಂದ. ನಮ್ಮ ಕ್ಲಿನಿಕ್ಕುಗಳಲ್ಲಿ ಆರು ತಿಂಗಳ ನಂತರ ಫೋನ್ ಮಾಡಿ "ಈಗ ಹೇಗಿದೆ ಅಮ್ಮಾ, ಮೆಟ್ಟಿಲು ಹತ್ತುತ್ತೀರಾ?" ಎಂದು ಕೇಳಿ ಬರೆದಿಡುವವರು ಎಷ್ಟು ಜನ?

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಆಕರಕೋಶ (ಸ್ಟೆಮ್ ಸೆಲ್) ಇಂಜೆಕ್ಷನ್ನಿಗೆ 2022ರಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು. ನಮ್ಮ ಊರಿನ ಕೆಲಸವೆಂದು ಖುಷಿಪಡುತ್ತೇನೆ; ಆದರೆ ಅದನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅಮೆರಿಕದಲ್ಲಿ ಬೇರೆ ಬಗೆಯ ಕೋಶಗಳನ್ನು 475 ಜನರಲ್ಲಿ ಸ್ಟೆರಾಯ್ಡಿನ ಜೊತೆ ಹೋಲಿಸಿದಾಗ, ವರ್ಷದ ಕೊನೆಗೆ ಅವು ಮೇಲೆಂದು ಕಾಣಲಿಲ್ಲ. 2023ರಲ್ಲಿ ಆ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು.

ವ್ಯಾಯಾಮದ ಮಾತು ನಿಮಗೆ ಹೊಸದಲ್ಲ. 2020ರಲ್ಲಿ ಸ್ಟೆರಾಯ್ಡಿಗೂ ಫಿಸಿಯೋಥೆರಪಿಗೂ ನೇರ ಹೋಲಿಕೆ ನಡೆದಾಗ, ವರ್ಷದ ನಂತರ ಫಿಸಿಯೋಥೆರಪಿ ಪಡೆದವರೇ ಹೆಚ್ಚು ಚೆನ್ನಾಗಿದ್ದರು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ ಹಿಡಿಯುವುದನ್ನು, ಕುರ್ಚಿಯಲ್ಲಿ ಕೂತು ಕಾಲು ನೀಡುವುದನ್ನು ಚಿಕ್ಕಮ್ಮನಿಗೆ ಯಾರೂ ಮಾಡಿ ತೋರಿಸಿರಲಿಲ್ಲ. ಚೀಟಿಯ ಕೊನೆಗೆ "ಎಕ್ಸರ್‌ಸೈಜ್" ಎಂದು ಬರೆದಿತ್ತು, ಅದೂ ಇಂಗ್ಲಿಷಿನಲ್ಲಿ.

ಆ ಚೀಟಿಯಲ್ಲೇ ಇನ್ನು ಮೂರು ಸಾಲು ಕನ್ನಡದಲ್ಲಿ ಬರೆಯಿರಿ: ಇಂಜೆಕ್ಷನ್ನಿನ ಹೆಸರು, ಸಲೈನಿಗಿಂತ ಅದು ಎಷ್ಟು ಮೇಲು, ಒಟ್ಟು ಖರ್ಚು. ರೋಗಿಗೆ ಓದಿಸಿ, ಮನೆಯವರ ಜೊತೆ ಮಾತಾಡಿಕೊಂಡು ಬರಲಿ ಎಂದು ಒಂದು ವಾರ ಬಿಡಿ. ಅದಾದ ಮೇಲೂ ಬೇಕೆಂದರೆ ಧಾರಾಳವಾಗಿ ಹಾಕಿ.

ಇತಿ,
ಮಂಡಿನೋವಿನವರ ಮನೆಯವನೊಬ್ಬ