ಚಕ್ರಗಾತ್ರ ನಿರ್ಣಯ: ಆರು ಪ್ರಮಾಣಗಳ ನೆಲೆಯಲ್ಲಿ ಒಂದು ಮೀಮಾಂಸೆ

ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಪಂಥದವರು ಜ್ಞಾನಕ್ಕೆ ಆರು ದಾರಿ ಹೇಳಿದ್ದಾರೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಈ ಆರನ್ನು ಹಿಡಿದು ಯಜ್ಞದ ಮೇಲೆ, ಆತ್ಮದ ಮೇಲೆ, ಕೊನೆಗೆ ಮಡಕೆಯ ಮೇಲೂ ವಾದ ಹೂಡಿದವರು ಬೇಕಾದಷ್ಟು ಜನ ಆಗಿಹೋದರು. ಹವ್ಯಾಸಿ ಆಟೋಕ್ರಾಸ್ ಸ್ಪರ್ಧಿ ತನ್ನ ಕಾರಿಗೆ ಯಾವ ಅಳತೆಯ ರಿಮ್ಮು, ಯಾವ ಅಳತೆಯ ಟಯರು ಹಾಕಬೇಕೆಂಬ ವಿಷಯದಲ್ಲಿ ಮಾತ್ರ ಯಾವ ಭಟ್ಟನೂ ಅರ್ಧ ಶ್ಲೋಕ ಬರೆದಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಗ್ರಂಥದ ಪ್ರಯೋಜನ.

ಗ್ರಂಥ ಓದಲು ಅಧಿಕಾರಿ ಯಾರೆಂದು ಮೊದಲೇ ಹೇಳಿಬಿಡುವುದು ಪದ್ಧತಿ. ಭಾನುವಾರ ಓಡಿಸಿದ ಕಾರಿನಲ್ಲೇ ಸೋಮವಾರ ಆಫೀಸಿಗೆ ಹೋಗಬೇಕಾದವನು ಇದಕ್ಕೆ ಅಧಿಕಾರಿ. ಸ್ಪರ್ಧೆಗೆಂದೇ ಬೇರೆ ಕಾರು, ಅದನ್ನು ಹೊತ್ತು ತರಲು ಲಾರಿ, ಲಾರಿಯಲ್ಲಿ ಎಂಟು ಹೆಚ್ಚುವರಿ ಚಕ್ರ ಉಳ್ಳವರು ಸಂಶಯಗಳನ್ನೆಲ್ಲ ದಾಟಿದ ಮುಕ್ತರು. ಅವರು ಈ ಪುಟ ಮಗುಚಬಹುದು.

ಇನ್ನು ವಿಷಯ, ಅಂದರೆ ಆಟೋಕ್ರಾಸ್. ಖಾಲಿ ಬಯಲಿನಲ್ಲಿ ಕೋನ್‌ಗಳನ್ನಿಟ್ಟು ಹಾವಿನಂಥ ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ಅಮೆರಿಕದಲ್ಲಿ ಇದು ಕಾರ್ ಪಾರ್ಕಿನ ಡಾಂಬರಿನ ಮೇಲೋ ಹಳೆಯ ವಿಮಾನ ನೆಲೆಯ ಕಾಂಕ್ರೀಟಿನ ಮೇಲೋ ನಡೆಯುತ್ತದೆ, ಒಂದು ಸುತ್ತಿಗೆ ಸುಮಾರು ಒಂದು ನಿಮಿಷ. ನಮ್ಮಲ್ಲಿ ಹೆಚ್ಚಾಗಿ ಮಣ್ಣು. ಕೊಡಗಿನಲ್ಲಿ ಭತ್ತ ಕೊಯ್ದ ಗದ್ದೆಯಲ್ಲೇ ನಡೆಯುವುದುಂಟು. ಈ ಡಾಂಬರು–ಮಣ್ಣಿನ ಭೇದವನ್ನು ಮರೆತು ಶಾಸ್ತ್ರ ಹೇಳಿದವರಿಂದಲೇ ಅರ್ಧ ಅನರ್ಥವಾಗಿದೆ ಎಂಬುದು ನನ್ನ ಪಕ್ಷ. ಅದನ್ನು ಮುಂದೆ ಸಾಧಿಸುತ್ತೇನೆ.

ಪ್ರತ್ಯಕ್ಷ

ಗಡಿಯಾರ ಹೇಳಿದ್ದೇ ಪ್ರತ್ಯಕ್ಷ. ಇದಕ್ಕಿಂತ ಬಲವಾದ ಪ್ರಮಾಣವಿಲ್ಲ, ಹಾಗಾಗಿ ಇದನ್ನು ಯಾರೂ ಒಪ್ಪುವುದಿಲ್ಲ. ಬೆಳಿಗ್ಗೆ ಹಳೆಯ ಟಯರಿನಲ್ಲಿ ಓಡಿ, ಮಧ್ಯಾಹ್ನ ಹೊಸದನ್ನು ಹಾಕಿಕೊಂಡು ಓಡಿ, ‘ಒಂದೂವರೆ ಸೆಕೆಂಡ್ ಕಮ್ಮಿಯಾಯ್ತು’ ಎಂದು ಕುಣಿಯುವವರನ್ನು ಪ್ರತಿ ಸ್ಪರ್ಧೆಯಲ್ಲೂ ಕಾಣಬಹುದು. ಮಧ್ಯಾಹ್ನದ ಹೊತ್ತಿಗೆ ದಾರಿ ಬಾಯಿಪಾಠವಾಗಿತ್ತು, ನೆಲ ಬಿಸಿಯಾಗಿತ್ತು, ಹೊಟ್ಟೆಗೆ ಊಟ ಬಿದ್ದಿತ್ತು. ಇವುಗಳಿಗೆ ಅವರ ಲೆಕ್ಕದಲ್ಲಿ ಜಾಗವಿಲ್ಲ. ಕೊನೆಗೆ ಹಾಕಿದ ಟಯರೇ ಎಲ್ಲಕ್ಕಿಂತ ಒಳ್ಳೆಯ ಟಯರು ಎಂಬ ನಿಯಮ ಹೀಗೆ ಹುಟ್ಟಿತು. ಎಸ್‌ಸಿಸಿಎ ಎಂಬ ಅಮೆರಿಕದ ಕ್ಲಬ್ಬಿನ ಧರ್ಮಶಾಸ್ತ್ರದಲ್ಲಿ ಒಂದು ಕೋನ್ ಉರುಳಿಸಿದರೆ 2 ಸೆಕೆಂಡಿನ ಪ್ರಾಯಶ್ಚಿತ್ತ. ರಿಮ್ಮಿಗೆ ಸುರಿದ ಸಾವಿರಾರು ರೂಪಾಯಿಯಿಂದ ಉಳಿದ ಅರ್ಧ ಸೆಕೆಂಡಿಗೆ ಇದನ್ನು ಹೋಲಿಸಿ ನೋಡುವ ಕೆಲಸ ಓದುಗರಿಗೇ ಬಿಟ್ಟದ್ದು.

ಶಬ್ದ

ಕೆಲವರು ತಿರುವಿನಲ್ಲಿ ಟಯರು ಕಿರುಚುವುದನ್ನೇ ಶಬ್ದಪ್ರಮಾಣವೆಂದು ತಿಳಿದಿದ್ದಾರೆ. ಶಾಸ್ತ್ರದಲ್ಲಿ ಶಬ್ದವೆಂದರೆ ಆಪ್ತವಾಕ್ಯ. ಇಲ್ಲಿ, ಟಯರಿನ ಪಕ್ಕೆಯ ಮೇಲೆ ಎರಕಹೊಯ್ದ ಬರಹ. ಉದಾಹರಣೆಗೆ 185/65 ಆರ್15 88ಎಚ್. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಆ ಅಗಲದ ಶೇಕಡಾ 65. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಮಾನ ಬೆರೆಸಿದ ಋಷಿಗಳು ಯಾರೋ, ಅವರು ಮುಂದಿನ ಪೀಳಿಗೆಗೆ ಭಾಷ್ಯ ಬರೆಯುವ ಕೆಲಸ ಉಳಿಯಲೆಂದೇ ಹಾಗೆ ಮಾಡಿರಬೇಕು. 88 ಅಂದರೆ ಒಂದು ಟಯರು 560 ಕಿಲೋ ಹೊರಬಲ್ಲದು. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ತಾಳಬಲ್ಲದು. ಡಬ್ಲ್ಯೂ ಇದ್ದರೆ 270. ಎರಡನೇ ಗೇರು ದಾಟುವುದೇ ಅಪರೂಪವಾದ ಆಟಕ್ಕೆ ಡಬ್ಲ್ಯೂ ಬೇಕೇ ಬೇಕೆಂದು ಹಠ ಹಿಡಿದವರಿದ್ದಾರೆ.

ಇದೇ ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಜಾತಕವೂ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಹುಟ್ಟಿದ್ದು. ರಬ್ಬರಿಗೆ ವಯಸ್ಸಾದಂತೆ ಅದು ಗಟ್ಟಿಯಾಗುತ್ತದೆ, ಹಿಡಿತ ಬಿಡುತ್ತದೆ. ಅಗಲ ನೋಡಿ ಮರುಳಾಗಿ ಜಾತಕ ನೋಡದೆ ಕೊಂಡವರ ಕಥೆ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ, ಕರುಣೆಯ ವ್ಯಾಪ್ತಿಗೆ ಬರುತ್ತದೆ.

ಅಮೆರಿಕದಲ್ಲಿ ಮಾರುವ ಟಯರುಗಳ ಮೇಲೆ ಸವೆತದ ಅಂಕವೊಂದು ಕಡ್ಡಾಯ. ಟೆಕ್ಸಾಸಿನ ಸ್ಯಾನ್ ಆಂಜೆಲೋ ಸುತ್ತಿನ 400 ಮೈಲಿಯ ದಾರಿಯಲ್ಲಿ ಕಾರುಗಳ ಮೆರವಣಿಗೆಯನ್ನು ಒಟ್ಟು 7,200 ಮೈಲಿ ಓಡಿಸಿ, ಮಾದರಿ ಟಯರಿಗೆ 100 ಅಂಕವೆಂದು ಇಟ್ಟುಕೊಂಡು, ಉಳಿದವು ಅದಕ್ಕಿಂತ ಎಷ್ಟು ನಿಧಾನವಾಗಿ ಸವೆಯುತ್ತವೆಂದು ಅಳೆಯುವ ಕ್ರಮವಿದೆ. ಅಂಕ ಕಮ್ಮಿಯಾದಷ್ಟೂ ರಬ್ಬರು ಮೆದು, ಹಿಡಿತ ಜಾಸ್ತಿ ಎಂಬುದು ನಂಬಿಕೆ. ಆದ್ದರಿಂದ ಬೀದಿ ಕಾರುಗಳ ವರ್ಗದಲ್ಲಿ 200ಕ್ಕಿಂತ ಕಮ್ಮಿ ಅಂಕದ ಟಯರು ನಿಷಿದ್ಧವೆಂದು ಎಸ್‌ಸಿಸಿಎ ಕಟ್ಟಳೆ ಹಾಕಿತು. ಸಮಸ್ಯೆ ಸಣ್ಣದು: ಕೊನೆಗೆ ಪಕ್ಕೆಯ ಮೇಲೆ ಅಂಕ ಬರೆಯುವುದು ಟಯರು ಮಾಡುವವರೇ. ಪರೀಕ್ಷೆ ಬರೆದವನೇ ಮೌಲ್ಯಮಾಪನ ಮಾಡುವ ಈ ಸೌಭಾಗ್ಯ ನಮ್ಮ ವಿಶ್ವವಿದ್ಯಾಲಯಗಳಿಗೂ ಇನ್ನೂ ಬಂದಿಲ್ಲ. ಅಂಟಿನಂತೆ ನೆಲ ಹಿಡಿಯುವ, ಒಂದು ಹಂಗಾಮಿಗೆ ಬೋಳಾಗುವ ಟಯರುಗಳೆಲ್ಲ ಕರಾರುವಾಕ್ಕಾಗಿ 200 ಅಂಕ ಪಡೆದು ಪಾಸಾಗಿರುವುದನ್ನು ಶಬ್ದಪ್ರಮಾಣದ ಇತಿಮಿತಿಗೆ ಉದಾಹರಣೆಯಾಗಿ ಕೊಡಬಹುದು.

ಅನುಮಾನ

ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂಬುದು ಅನುಮಾನ. ನಮ್ಮ ಕ್ಷೇತ್ರದಲ್ಲಿ ಹೊಗೆ ಇದ್ದಲ್ಲಿ ಟಯರು ಮಡ್‌ಗಾರ್ಡಿಗೆ ಉಜ್ಜುತ್ತಿದೆ ಎಂದರ್ಥ. ಹಾಗಾಗದಿರಲು ಲೆಕ್ಕ ಬೇಕು.

ಮಾರುತಿ ಸ್ವಿಫ್ಟನ್ನು ತೆಗೆದುಕೊಳ್ಳೋಣ. ಕಮ್ಮಿ ಬೆಲೆಯ ಸ್ವಿಫ್ಟಿಗೆ 165/80 ಆರ್14 ಬರುತ್ತಿತ್ತು. ಸುತ್ತಳತೆ ಬಿಡಿ, ಹೊರವ್ಯಾಸ 619.6 ಮಿಲಿಮೀಟರ್. ದುಬಾರಿ ಸ್ವಿಫ್ಟಿಗೆ 185/65 ಆರ್15, 621.5. ಅಂಗಡಿಯವರು ‘ಅಪ್‌ಸೈಜ್’ ಎಂದು ಕೊಡುವ 195/55 ಆರ್16ರದು 620.9. ಇನ್ನೂ ಒಂದು ಮೆಟ್ಟಿಲು ಹತ್ತಿ 205/45 ಆರ್17 ಹಾಕಿಸಿದರೆ 616.3. ಅಂದರೆ 14ರಿಂದ 17ಕ್ಕೆ ಏರಿ, ನಾಲ್ಕು ಬಗೆಯ ದುಡ್ಡು ತೆತ್ತು ನಾವು ಕೊಂಡದ್ದು ಒಂದೇ ವೃತ್ತ; ನಡುವಿನ ಅಂತರ ಅರ್ಧ ಸೆಂಟಿಮೀಟರ್. ರಬ್ಬರಿದ್ದ ಜಾಗಕ್ಕೆ ಲೋಹ ಬಂದು ಕೂತಿತು, ಅಷ್ಟೆ. ಲೋಹ ಭಾರ, ಅದರಲ್ಲೂ ನಮ್ಮ ಬಜೆಟ್ಟಿನ ಎರಕದ ಅಲಾಯ್ ಭಾರ. ಚಕ್ರದ ಅಂಚಿಗೆ ಸರಿದ ಒಂದು ಕಿಲೋವನ್ನು ಮುಂದಕ್ಕೂ ನೂಕಬೇಕು, ತಿರುಗಿಸಲೂ ಬೇಕು. ವೇಗ ಹೆಚ್ಚಿಸುವಾಗ ಅದು ಹೆಚ್ಚುಕಮ್ಮಿ ಎರಡು ಕಿಲೋದ ಲೆಕ್ಕಕ್ಕೆ ಬರುತ್ತದೆ. ಹೀಗಿದ್ದೂ 17ರ ಪಂಥದವರು ಸೋಲೊಪ್ಪುವುದಿಲ್ಲ. ಪಕ್ಕೆ ಗಿಡ್ಡವಾದರೆ ಟಯರು ಬಳುಕುವುದು ಕಮ್ಮಿ, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ ಎನ್ನುತ್ತಾರೆ. ಸತ್ಯವೇ. ನಯವಾದ ಡಾಂಬರಿನ ಮೇಲೆ ಅದಕ್ಕೆ ಬೆಲೆಯುಂಟು. ಗದ್ದೆಯ ಬದುವಿನ ಮೇಲೆ ಅದೇ ಗಿಡ್ಡ ಪಕ್ಕೆ ರಿಮ್ಮನ್ನು ಕಲ್ಲಿಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ: ‘ಟಯರು ಅಗಲವಾದಷ್ಟೂ ನೆಲಕ್ಕೆ ತಾಗುವ ರಬ್ಬರು ಜಾಸ್ತಿ, ಹಾಗಾಗಿ ಹಿಡಿತ ಜಾಸ್ತಿ.’ ಖಂಡನೆ ಹೀಗೆ. ಸ್ವಿಫ್ಟಿನ ಮುಂದಿನ ಒಂದು ಚಕ್ರದ ಮೇಲೆ ಸುಮಾರು 270 ಕಿಲೋ ಭಾರವಿದೆ ಅಂದುಕೊಳ್ಳಿ. ಗಾಳಿ 30 ಪಿಎಸ್ಐ, ಅಂದರೆ ಚದರ ಸೆಂಟಿಮೀಟರಿಗೆ 2.1 ಕಿಲೋ. ಭಾಗಿಸಿದರೆ ಸುಮಾರು 128 ಚದರ ಸೆಂಟಿಮೀಟರ್ ಬರುತ್ತದೆ. ನಮ್ಮ ಅಂಚೆ ಕಾರ್ಡಿನ ಅಳತೆ 14ಕ್ಕೆ 9, ಅಂದರೆ 126. ಟಯರು 165 ಇರಲಿ 205 ಇರಲಿ, ಗಾಳಿ ಅಷ್ಟೇ ಇದ್ದರೆ ಕಾರು ನೆಲದ ಮೇಲೆ ನಿಂತಿರುವುದು ಹೆಚ್ಚುಕಮ್ಮಿ ಒಂದೊಂದು ಕಾರ್ಡಿನ ಮೇಲೆ. ಅಗಲ ಟಯರಿನಲ್ಲಿ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಸರಿ, ಹಾಗಾದರೆ ಅಗಲ ವ್ಯರ್ಥವೇ ಎಂದರೆ, ಅದೂ ಅಲ್ಲ. ಘರ್ಷಣೆಗೂ ತಾಗುವ ಜಾಗಕ್ಕೂ ಸಂಬಂಧವಿಲ್ಲ ಎಂದು 1699ರಲ್ಲಿ ಫ್ರಾನ್ಸಿನ ಅಮೊಂಟನ್ ಹೇಳಿದ್ದ. ರಬ್ಬರು ಅಮೊಂಟನ್ನನನ್ನು ಓದಿಲ್ಲ. ಅಡ್ಡಕ್ಕೆ ಹಿಗ್ಗಿದ ಕಾರ್ಡು ತಿರುವಿನಲ್ಲಿ ಕಮ್ಮಿ ತಿರುಚಿಕೊಳ್ಳುತ್ತದೆ, ಅಗಲ ಟಯರಿಗೆ ಗಾಳಿ ತುಸು ಕಮ್ಮಿ ಹಾಕಲೂಬಹುದು, ಬಿಸಿ ಹಂಚಿಹೋಗುತ್ತದೆ. ಆದ್ದರಿಂದ ಡಾಂಬರಿನ ಮೇಲೆ ಅಗಲದವರು ಗೆಲ್ಲುತ್ತಾರೆ. ಅವರ ಕಾರಣ ತಪ್ಪು, ಫಲಿತಾಂಶ ಸರಿ. ತರ್ಕಶಾಸ್ತ್ರದಲ್ಲಿ ಇದಕ್ಕಿಂತ ಅವಮಾನಕರ ಸ್ಥಿತಿ ಇಲ್ಲ, ನಮಗೆ.

ಬಿಸಿಯ ಮಾತು ಬಂದದ್ದಕ್ಕೆ ಒಂದು ಪ್ರಾಸಂಗಿಕ. ಒಂದೇ ನಿಮಿಷದ ಓಟದಲ್ಲಿ ಒಬ್ಬನೇ ಓಡಿಸಿದರೆ ಟಯರು ಬಿಸಿಯಾಗುವುದರೊಳಗೆ ಆಟ ಮುಗಿದಿರುತ್ತದೆ. ಒಂದೇ ಕಾರನ್ನು ಇಬ್ಬರು ಹಂಚಿಕೊಂಡು ಓಡಿಸಿದರೆ ಅತಿಬಿಸಿ. ಆಗ ಅಮೆರಿಕದವರು ತೋಟಕ್ಕೆ ಔಷಧಿ ಹೊಡೆಯುವ ಪಂಪು ಹಿಡಿದು ಟಯರುಗಳಿಗೆ ನೀರಿನ ಅಭಿಷೇಕ ಮಾಡುತ್ತಾರೆ. ಕಾಫಿ ಸೀಮೆಯ ಸ್ಪರ್ಧಿಗಳ ಮನೆಯಲ್ಲಿ ಈ ಪಂಪು ಈಗಾಗಲೇ ಇರುತ್ತದೆ. ಆಟೋಕ್ರಾಸಿನಲ್ಲಿ ನಮಗೆ ಹುಟ್ಟಿನಿಂದ ಬಂದ ಅನುಕೂಲ ಇದೊಂದೇ.

ವ್ಯಾಸ ಕಮ್ಮಿ ಮಾಡುವವರ ಪಂಥ ಇನ್ನೊಂದಿದೆ. ಸ್ವಿಫ್ಟಿಗೆ 185/60 ಆರ್14 ಹಾಕಿದರೆ ವ್ಯಾಸ 577.6ಕ್ಕೆ ಇಳಿಯುತ್ತದೆ, ಶೇಕಡಾ 7ರಷ್ಟು. ಎಂಜಿನ್ ಮುಟ್ಟದೆ, ಗೇರ್‌ಬಾಕ್ಸ್ ಬಿಚ್ಚದೆ ಎಳೆತ ಶೇಕಡಾ 7ಕ್ಕಿಂತ ತುಸು ಜಾಸ್ತಿಯೇ ಹೆಚ್ಚಿತು. ಕಾರು 22 ಮಿಲಿಮೀಟರ್ ತಗ್ಗಿತು. ಸ್ಪೀಡೋಮೀಟರ್ ಕೂಡ ಖುಷಿಯಿಂದ ಹೆಚ್ಚು ತೋರಿಸುತ್ತದೆ. ಬೆಲೆ ತೆರುವುದು ಎಲ್ಲಿ? ಎರಡನೇ ಗೇರಿನಲ್ಲಿ 90 ಮುಟ್ಟುತ್ತಿದ್ದ ಕಾರಾದರೆ ಈಗ 84ಕ್ಕೇ ಉಸಿರು ಕಟ್ಟುತ್ತದೆ. ಆ ದಿನದ ದಾರಿಯಲ್ಲಿ 87 ಮುಟ್ಟುವ ಒಂದೇ ಒಂದು ನೇರ ಇದ್ದರೂ ಮೂರನೇ ಗೇರಿಗೆ ಹಾಕಿ ಮತ್ತೆ ಎರಡಕ್ಕೆ ಇಳಿಸಬೇಕು. ಗಳಿಸಿದ್ದೆಲ್ಲ ಅಲ್ಲಿ ಹೋಯಿತು. ದಾರಿ ಹೇಗಿರುತ್ತದೆಂದು ಸ್ಪರ್ಧೆಯ ದಿನ ಬೆಳಿಗ್ಗೆಯೇ ಗೊತ್ತಾಗುವುದರಿಂದ ಈ ಪಂಥದಲ್ಲಿ ಭಕ್ತಿಯೇ ಪ್ರಧಾನ.

ಉಪಮಾನ

ಗವಯವೆಂಬ ಕಾಡುಪ್ರಾಣಿಯನ್ನು ಕಂಡು ‘ನಮ್ಮ ಹಸು ಇದರ ಹಾಗಿದೆ’ ಎನ್ನುವುದು ಶಾಸ್ತ್ರದ ಉಪಮಾನ. ‘ಮಿಯಾಟಕ್ಕೆ ಹೀಗೆ ಹಾಕ್ತಾರಂತೆ, ನಾನೂ ಹಾಕಿಸ್ತೀನಿ’ ಎನ್ನುವುದು ನಮ್ಮದು. ಮಾಜ್ದಾ ಮಿಯಾಟ 1989ರಲ್ಲಿ ಬಂದ ಎರಡು ಸೀಟಿನ, ಹಿಂದಿನ ಚಕ್ರ ಎಳೆಯುವ ಪುಟ್ಟ ಕಾರು. ಅಮೆರಿಕದ ಆಟೋಕ್ರಾಸಿಗರ ಕಾಮಧೇನು. ಅದರ ಮೂಲ ಟಯರು 185/60 ಆರ್14. ಕಟ್ಟಳೆ ಸಡಿಲವಿರುವ ವರ್ಗಗಳಲ್ಲಿ ಅದಕ್ಕೆ 9 ಇಂಚು ಅಗಲದ ರಿಮ್ಮಿನ ಮೇಲೆ 225/45 ಆರ್15 ಹಾಕುವವರು ಬಹಳ. ವ್ಯಾಸ 6 ಮಿಲಿಮೀಟರ್ ಮಾತ್ರ ಏರಿ ಅಗಲ 40 ಏರುವ ಈ ಲೆಕ್ಕ ಚೆಂದವಾಗಿದೆ. ಅದನ್ನು ಮುಂದಿನ ಚಕ್ರ ಎಳೆಯುವ ಹ್ಯಾಚ್‌ಬ್ಯಾಕಿಗೆ, ಅದೂ ಗದ್ದೆಗೆ ತಂದರೆ ಗವಯವನ್ನು ಕರೆಯಲು ಕೂತ ಹಾಗೆ. ಮಣ್ಣಿನಲ್ಲಿ ಅಗಲ ಟಯರು ಸಡಿಲ ಪದರದ ಮೇಲೆ ತೇಲುತ್ತದೆ. ಸಪೂರದ್ದು ಅದನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಇದು ನನ್ನ ಮಾತಲ್ಲ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಕಾರುಗಳು ಡಾಂಬರಿಗೆ 18 ಇಂಚಿನ ರಿಮ್ಮು, ಜಲ್ಲಿ ಮಣ್ಣಿಗೆ 15 ಇಂಚಿನದು, ಹಿಮಕ್ಕೆ ಇನ್ನೂ ಸಪೂರವಾದ ಮೊಳೆ ಹೊಡೆದ ಟಯರು ಹಾಕುತ್ತವೆ. ದುಡ್ಡಿಗೆ ಕೊರತೆಯಿಲ್ಲದವರೂ ಮಣ್ಣಿಗೆ ಬಂದಾಗ ಇಂಚು ಇಳಿಸುತ್ತಾರೆ ಎಂಬುದನ್ನು ಅಪ್‌ಸೈಜ್ ಪಂಥದವರು ಗಮನಿಸಬೇಕು.

ಅರ್ಥಾಪತ್ತಿ

ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕು. ದೇವದತ್ತನ ಸಂಬಳ ಏರಿಲ್ಲ, ಕಾರಿಗೆ ಹೊಸ ಅಲಾಯ್ ಬಂದಿದೆ. ಎರಡೂ ಸತ್ಯವಾದರೆ, ಮನೆಯಲ್ಲಿ ಬೆಲೆ ಅರ್ಧ ಹೇಳಿದ್ದಾನೆ. ‘ರೀ, ಹಳೇ ಚಕ್ರ ಉರುಳ್ತಾ ಇರ್ಲಿಲ್ವಾ?’ ಎಂಬ ಪ್ರಶ್ನೆಗೆ ಮೇಲಿನ ಐದು ಪುಟದಲ್ಲಿ ಎಲ್ಲೂ ಉತ್ತರವಿಲ್ಲ.

ಅನುಪಲಬ್ಧಿ

ಇಲ್ಲದಿರುವುದು ಕಾಣದಿರುವುದರಿಂದಲೇ ತಿಳಿಯುತ್ತದೆ: ನೆಲದ ಮೇಲೆ ಮಡಕೆ ಕಾಣುತ್ತಿಲ್ಲ, ಆದ್ದರಿಂದ ಮಡಕೆ ಇಲ್ಲ. ಪಂಡಿತರು ಇದನ್ನು ಕೊನೆಗಿಟ್ಟರು, ಪ್ರತಿವಾದಿಗಳು ಪ್ರಮಾಣವೆಂದೇ ಒಪ್ಪಲಿಲ್ಲ. ಟಯರು ಅಂಗಡಿಗೆ ಹೋಗಿ ಬಂದವರು ಯಾರೂ ಅದರ ಪ್ರಾಮಾಣ್ಯವನ್ನು ಸಂಶಯಿಸುವುದಿಲ್ಲ. ವ್ಯಾಸ, ಅಗಲ, ಆಫ್‌ಸೆಟ್, ನಾಲ್ಕು ಬೋಲ್ಟಿನ 100 ಮಿಲಿಮೀಟರ್ ವೃತ್ತ, ನಡುವಿನ 54.1ರ ತೂತು ಎಲ್ಲವನ್ನೂ ಲೆಕ್ಕ ಹಾಕಿ, ಚೀಟಿಯಲ್ಲಿ ಬರೆದುಕೊಂಡು ಹೋದರೆ ಕೌಂಟರಿನ ಹಿಂದಿನವರು ಚೀಟಿ ನೋಡದೆಯೇ ಹೇಳುತ್ತಾರೆ:

‘ಆ ಸೈಜು ಬರಲ್ಲ ಸಾರ್.’

‘ಆರ್ಡರ್ ಹಾಕಿದ್ರೆ?’

‘ಹಾಕಬಹುದು. ಬಂದ್ರೆ ಬಂತು. ಇದು ಹಾಕ್ಕೊಳ್ಳಿ, ಹೆಚ್ಚುಕಮ್ಮಿ ಅದೇನೇ.’

‘ಹೆಚ್ಚೋ ಕಮ್ಮಿಯೋ?’

‘ಎರಡೂ ಸಾರ್.’

ಸಣ್ಣ ರಿಮ್ಮಿಗೆ ಮೆದು ರಬ್ಬರಿನ ಟಯರು ಸಿಗುವುದು ನಮ್ಮಲ್ಲಿ ಕಷ್ಟ. ಸಿಕ್ಕುವುದೆಲ್ಲ ಮೈಲೇಜಿಗೆಂದು ಮಾಡಿದ ಗಟ್ಟಿ ರಬ್ಬರು. ಒಳ್ಳೆಯ ರಬ್ಬರು ಬೇಕಾದರೆ 15ಕ್ಕೋ 16ಕ್ಕೋ ಹತ್ತಲೇಬೇಕಾಗುತ್ತದೆ. ಹೀಗೆ ಅನುಮಾನ ಪ್ರಕರಣದಲ್ಲಿ ನಾನು ಬೆವರಿಳಿಸಿ ಕೆಳಗಿಳಿಸಿದ ರಿಮ್ಮನ್ನು ಅನುಪಲಬ್ಧಿ ಒಂದೇ ವಾಕ್ಯದಲ್ಲಿ ಮೇಲೆತ್ತಿ ಕೂರಿಸುತ್ತದೆ. ನಮ್ಮ ದೇಶದ ಆಟೋಕ್ರಾಸಿನಲ್ಲಿ ಚಕ್ರದ ಗಾತ್ರವನ್ನು ನಿರ್ಣಯಿಸುವ ಪ್ರಮಾಣ ಇದೊಂದೇ, ಉಳಿದ ಐದೂ ಅಂಗಡಿಗೆ ಹೋಗುವ ದಾರಿಯಲ್ಲಿ ಕಾಲಕ್ಷೇಪಕ್ಕೆ ಎಂಬುದು ಸಿದ್ಧಾಂತ.

ಫಲಶ್ರುತಿಯ ಬದಲು ತೀರ್ಪು ಕೊಡುತ್ತೇನೆ. ಮಣ್ಣಿನ ಸ್ಪರ್ಧೆಯಾದರೆ ಕಾರಿನ ಜೊತೆ ಬಂದ ರಿಮ್ಮನ್ನೇ ಇಟ್ಟುಕೊಳ್ಳಿ. ಡಾಂಬರಾದರೆ, ಬ್ರೇಕ್ ಕ್ಯಾಲಿಪರಿಗೆ ತಾಗದ ಅತಿ ಚಿಕ್ಕ, ಅತಿ ಹಗುರ ರಿಮ್ಮಿನ ಮೇಲೆ ಅಂಗಡಿಯಲ್ಲಿರುವ ಅತಿ ಮೆದು ರಬ್ಬರು ಹಾಕಿ. ಅಗಲ ನಿಮ್ಮ ಸ್ಪರ್ಧೆಯ ಕಟ್ಟಳೆಗೂ ಮಡ್‌ಗಾರ್ಡಿಗೂ ಒಪ್ಪುವಷ್ಟಿರಲಿ. ಮುಂದಿನ ಸ್ಪರ್ಧೆಗೆ ಬರುವವರು ದಯವಿಟ್ಟು ಗಾಳಿ ನೋಡುವ ಮೀಟರನ್ನು ತಾವೇ ತನ್ನಿ. ಕಳೆದ ಸಲ ನನ್ನದನ್ನು ಒಯ್ದವರು ಇನ್ನೂ ವಾಪಸು ಕೊಟ್ಟಿಲ್ಲ.