ಲಾನ್ ರಾಯರು

ಬಸವೇಶ್ವರನಗರದಲ್ಲಿ 40x60ರ ಸೈಟು ಇನ್ನೂ ಒಡೆಯದೆ ಉಳಿದಿರುವ ಕಡೆಯೆಲ್ಲ ಒಬ್ಬ ಲಾನ್ ರಾಯರು ಸಿಗುತ್ತಾರೆ. ರಾಯರು ಅಂದದ್ದು ಬಾಯಿಗೆ ಬಂತೆಂದು. ಗೌಡರೂ ಇದ್ದಾರೆ, ಶೆಟ್ಟರೂ ಪಾಟೀಲರೂ ಇದ್ದಾರೆ. ನಿವೃತ್ತಿಯಾಗಿ ವರ್ಷಗಳಾಗಿರುತ್ತವೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿರುತ್ತದೆ, ಮಗ ಅಮೆರಿಕದಲ್ಲೋ ವೈಟ್‌ಫೀಲ್ಡಿನಲ್ಲೋ ಇರುತ್ತಾನೆ. ಬಸವೇಶ್ವರನಗರದಿಂದ ಎರಡೂ ಹೆಚ್ಚು ಕಡಿಮೆ ಒಂದೇ ದೂರ.

ಬೆಳಿಗ್ಗೆ ಆರೂವರೆಗೆ ಬನಿಯನ್ನು, ಮಡಿಸಿ ಕಟ್ಟಿದ ಪಂಚೆ, ಕೈಯಲ್ಲಿ ಹಸಿರು ಪೈಪು. ಗೇಟಿನೊಳಗೆ 12 ಅಡಿಗೆ 20 ಅಡಿ ಹುಲ್ಲು. ಆ 240 ಚದರಡಿಯ ಮೇಲೆ ಮನುಷ್ಯರು ನಡೆಯುವಂತಿಲ್ಲ. ಕೊರಿಯರ್ ಹುಡುಗನಿಗೆ ‘ಅಂಚಲ್ಲಿ ಬಾರಪ್ಪಾ, ಅಂಚಲ್ಲಿ’ ಎಂಬ ಕೂಗು ಬೆಲ್ ಒತ್ತುವ ಮೊದಲೇ ಕೇಳಿಸುತ್ತದೆ. ಅವರ ಮನೆಯವರು ಹಪ್ಪಳ ಒಣಗಿಸಲು ಮಂಡಿ ನೋವಿನಲ್ಲೂ ತಾರಸಿ ಹತ್ತುತ್ತಾರೆ. ಮದುವೆ ಕಾಗದ ಕೊಡಲು ಬಂದವರಿಗೆ ಹುಡುಗಿ ಯಾವ ಊರು, ಹುಡುಗ ಏನು ಕೆಲಸ ಎಂಬ ವಿಚಾರಣೆಯಿಲ್ಲ. ‘ಛತ್ರದ ಮುಂದೆ ಯಾವ ಹುಲ್ಲು ಹಾಕಿದಾರೆ?’ ಎನ್ನುತ್ತಾರೆ. ‘ಹಸಿರು ಹುಲ್ಲೇ ಸಾರ್’ ಎಂದವರಿಗೆ ಕಾಫಿ ತಡವಾಗಿ ಬರುತ್ತದೆ.

ರಾಯರ ಬಳಿ ಮೂರು ಜಾತಿಯ ಹುಲ್ಲಿದೆ. ‘ಕಾಲಕ್ಕೆ ತಕ್ಕಂತೆ ಅಪ್‌ಗ್ರೇಡ್ ಮಾಡ್ತಾ ಬಂದಿದೀನಿ’ ಎಂದು ಹೇಳಿಕೊಳ್ಳುತ್ತಾರೆ. ನಿಜವಾದ ಚರಿತ್ರೆ ಬೇಕಿದ್ದರೆ ಹುಲ್ಲನ್ನು ಬಿಟ್ಟು, ಕತ್ತೆತ್ತಿ, ಪೂರ್ವದ ಪಕ್ಕದ ಮನೆಯನ್ನು ನೋಡಬೇಕು.

ಅದು ಒಂದೇ ಅಂತಸ್ತಿನ ಮನೆಯಾಗಿದ್ದ ಕಾಲದಲ್ಲಿ ರಾಯರು ಸೆಲೆಕ್ಷನ್ ಒನ್ ಹಾಕಿಸಿದ್ದರು. ಅದು ಗರಿಕೆಯ ವಂಶದ್ದೇ. ದಿನಕ್ಕೆ ಆರೆಂಟು ಗಂಟೆ ನೇರ ಬಿಸಿಲು ಬೇಕು. ಆಗ ಬಿಸಿಲಿಗೇನೂ ಬರವಿರಲಿಲ್ಲ. ಪಕ್ಕದ ಮನೆಯ ಹಿರಿಯರು ತೀರಿಕೊಂಡರು, ಮಕ್ಕಳು ಪಾಲಾದರು, ಮೇಲೆ ಎರಡು ಅಂತಸ್ತು ಎದ್ದಿತು. ಸೂರ್ಯ ಒಂಬತ್ತೂವರೆಗೆ ಬರತೊಡಗಿದ. ಸೆಲೆಕ್ಷನ್ ಒನ್ ಬಡಕಲಾಯಿತು, ನಡುನಡುವೆ ಕೆಮ್ಮಣ್ಣು ಕಂಡಿತು. ‘ಬಿಸ್ಲು ಸಾಲ್ದು ಸಾರ್’ ಎಂದ ಮಾಲಿ. ಮಾಲಿಯ ಮಾತನ್ನು ಒಪ್ಪಿಬಿಟ್ಟರೆ ರಾಯರು ಓದಿದ್ದಕ್ಕೇನು ಬೆಲೆ? ಬೇವಿನ ಹಿಂಡಿ ಹಾಕಿದರು, ಹೊಂಗೆ ಹಿಂಡಿ ಹಾಕಿದರು, ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು ಎರಚಿದರು. ಮನೆಗೆ ಒಂದು ತಿಂಗಳು ನೆಂಟರು ಬರಲಿಲ್ಲ.

ಆಮೇಲೆ ಸಿದ್ದಾಪುರದ ನರ್ಸರಿಯಿಂದ ಮೆಕ್ಸಿಕನ್ ಬಂತು. ಅದರ ತವರು ಏಷ್ಯಾದ ಪೂರ್ವ ಕರಾವಳಿ. ಮೆಕ್ಸಿಕೋ ಹೆಸರನ್ನು ಯಾರು ಅಂಟಿಸಿದರೋ. ಎಳೆ ಸೂಜಿಯಷ್ಟು ಸಣ್ಣ, ಅರೆ ನೆರಳನ್ನೂ ತಡೆಯುತ್ತದೆ, ಆದರೆ ಹರಡುವುದು ಸರ್ಕಾರಿ ಕಡತದ ವೇಗದಲ್ಲಿ. ಖಾಲಿ ಜಾಗ ತುಂಬುವುದರೊಳಗೆ ಕಳೆ ಬಂದು ಕೂತಿರುತ್ತದೆ. ಆದ್ದರಿಂದ ರಾಯರು ದಿನಾ ಕುಕ್ಕರಗಾಲಲ್ಲಿ ಕೂತು, ಹಳೆಯ ಸ್ಕ್ರೂಡ್ರೈವರಿನಿಂದ ಜೇಕು ಎಬ್ಬಿಸುತ್ತಾರೆ. ಮೇಲಿನ ಎಲೆ ಕಿತ್ತರೆ ಒಳಗಿನ ಗೆಡ್ಡೆ ನಗುತ್ತದೆ. ವಾರ ಕಳೆಯುವುದರೊಳಗೆ ಅಲ್ಲೇ ಮತ್ತೆ ಮೊಳಕೆ. ನಲ್ಲಿಯ ಪಕ್ಕದ ತೇವದಲ್ಲಿ ಒಂದೆಲಗ ಹಬ್ಬಿದೆ.

‘ರೀ, ಅದು ಒಂದೆಲಗ ಕಣ್ರೀ, ಕೀಳ್ಬೇಡಿ.’

‘ಲಾನಲ್ಲಿ ಸೊಪ್ಪು ಬೆಳೆಯೋ ಹಾಗಿಲ್ಲ. ಶಿಸ್ತು ಅಂದ್ರೆ ಶಿಸ್ತು.’

ಮಧ್ಯಾಹ್ನ ತಂಬುಳಿಯನ್ನು ಎರಡನೇ ಸಲ ಹಾಕಿಸಿಕೊಳ್ಳುವಾಗ ಶಿಸ್ತಿನ ಪ್ರಸ್ತಾಪ ಬರುವುದಿಲ್ಲ.

ಪಕ್ಕದ ಕಟ್ಟಡಕ್ಕೆ ನಾಲ್ಕನೇ ಅಂತಸ್ತು ಬಂದು ಪಿಜಿ ಆದ ವರ್ಷ, ಪೂರ್ವದ ಗೋಡೆಯ ಬದಿಯ ಮೆಕ್ಸಿಕನ್ ಕೈಕೊಟ್ಟು ಅಲ್ಲಿ ಪಾಚಿ ಕಟ್ಟಿತು. ಅಲ್ಲಿಗೆ ಬಫೆಲೋ ಹುಲ್ಲು ಬಂತು: ಅಗಲ ಎಲೆ, ಒರಟು ಮೈ, ನಾಲ್ಕು ಗಂಟೆ ಬಿಸಿಲು ಸಿಕ್ಕರೂ ಬದುಕುತ್ತದೆ. ಪಶ್ಚಿಮದ ಮೂಲೆಯಲ್ಲಿ ಹಳೆಯ ಸೆಲೆಕ್ಷನ್ ಒನ್ ಒಂದಿಷ್ಟು ಜೀವ ಹಿಡಿದಿದೆ. ಹೀಗೆ ಪಕ್ಕದವರು ಅಂತಸ್ತು ಕಟ್ಟಿದರು, ರಾಯರು ಹುಲ್ಲು ಬದಲಾಯಿಸಿದರು. ವಿಜಯನಗರದಿಂದ ಕೆಂಗೇರಿವರೆಗೆ ಯಾವ ಹುಲ್ಲು ಬೆಳೆಯಬೇಕೆಂದು ತೀರ್ಮಾನಿಸುವವರು ಮನೆ ಯಜಮಾನರಲ್ಲ, ಪಕ್ಕದ ಮನೆಗೆ ಸೆಂಟ್ರಿಂಗ್ ಹೊಡೆಯುವವರು ಎಂದು ನನಗೆ ಆಗಾಗ ಅನ್ನಿಸುತ್ತದೆ. ರಾಯರ ಮುಂದೆ ಇದನ್ನು ಹೇಳುವ ಧೈರ್ಯವಿಲ್ಲ.

ಮೂರು ಹುಲ್ಲಿನ ನಡುವೆ ಅರ್ಧ ಇಟ್ಟಿಗೆಗಳ ಗಡಿ ಇದೆ, ಏಕೆಂದರೆ ಕಾನೂನು ಬೇರೆ ಬೇರೆ. ಮೆಕ್ಸಿಕನ್ನನ್ನು ಒಂದು ಇಂಚಿಗೆ ಕತ್ತರಿಸಬೇಕು, ಬಿಟ್ಟರೆ ಗುಬ್ಬು ಗುಬ್ಬಾಗಿ ಏಳುತ್ತದೆ. ಬಫೆಲೋವನ್ನು ಮೂರು ಇಂಚಿಗಿಂತ ತೀರಾ ಇಳಿಸಿದರೆ ಬೋಳಾಗುತ್ತದೆ. ಯಾವುದನ್ನೇ ಆಗಲಿ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಕೂಡದು. ಇದನ್ನು ರಾಯರು ಮಾಲಿಗೆ ಹೇಳುತ್ತಾರೆ, ಮಗನಿಗೆ ವಿಡಿಯೋ ಕಾಲಿನಲ್ಲಿ ಹೇಳುತ್ತಾರೆ, ತಮ್ಮ ತಲೆಗೆ ಕತ್ತರಿ ಹಾಕುವ ಸಲೂನಿನವನಿಗೂ ಹೇಳುತ್ತಾರೆ. ಅವರ ತಲೆಯಲ್ಲಿ ಮೂರನೇ ಒಂದು ಭಾಗ ಅಂದರೆ ಎಷ್ಟು ಎಂದು ಅವನು ಈವರೆಗೆ ಕೇಳಿಲ್ಲ.

2024ರ ಮಾರ್ಚ್ ಅವರ ಪಾಲಿಗೆ ಗ್ರಹಣ ಕಾಲ. ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ರಾಯರು ಕಾನೂನಿಗೆ ಹೆದರುವ ಮನುಷ್ಯ. ನ್ಯಾಯವೂ ಸರಿಯೇ, ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ 500 ಮೀಟರಿನಷ್ಟು ಎತ್ತರ ಹತ್ತಿ ಬರುವ ಕಾವೇರಿಯನ್ನು ಯಾರೂ ಮೆಟ್ಟದ ಹುಲ್ಲಿಗೆ ಸುರಿಯುವುದು ಹೇಗೆ? ಪೈಪು ಸುತ್ತಿಟ್ಟು ಅಡುಗೆಮನೆಗೆ ನುಗ್ಗಿದರು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲ ಬಕೆಟ್ಟಿಗೆ. ‘ಇವತ್ತು ಅನ್ನ ಬೇಡ, ಚಪಾತಿ ಮಾಡ್ತೀನಿ’ ಎಂದ ದಿನ ರಾಯರ ಮುಖ ಸಪ್ಪಗಾಯಿತು. ‘ಸ್ವಲ್ಪ ಅನ್ನಾನೂ ಮಾಡಿಬಿಡು, ಬಫೆಲೋಗೆ ಬೇಕು.’

ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ನಡೆಯುವ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ತಪ್ಪದೆ ಹೋಗುತ್ತಾರೆ. ಊರೆಲ್ಲ ಗಾಜಿನ ಮನೆಯೊಳಗಿನ ಹೂವಿನ ಮುಂದೆ ಸೆಲ್ಫಿ ಹೊಡೆಯುತ್ತಿದ್ದರೆ ಇವರು ಹೊರಗೆ ಬಗ್ಗಿ ಹುಲ್ಲನ್ನು ಬೆರಳಿನಿಂದ ಬಿಡಿಸಿ ಬುಡ ನೋಡುತ್ತಿರುತ್ತಾರೆ. ಒಮ್ಮೆ ಕಾವಲಿನವನು ಸೀಟಿ ಊದಿ, ‘ಯಜಮಾನ್ರೇ, ಹುಲ್ಲಿನ ಮೇಲೆ ನಿಲ್ಬೇಡಿ’ ಎಂದನಂತೆ. ಬಯ್ಯಿಸಿಕೊಂಡು ಇಷ್ಟು ಸಂತೋಷವಾಗಿ ಮನೆಗೆ ಬಂದ ಗಂಡನನ್ನು ಅವರ ಮನೆಯವರು ಮೊದಲು ನೋಡಿರಲಿಲ್ಲ.

ಒಬ್ಬ ಬಿಲ್ಡರ್ ಜಂಟಿ ಅಭಿವೃದ್ಧಿಯ ಮಾತಿಗೆ ಬಂದಿದ್ದ. ಎರಡು ಫ್ಲಾಟು, ಮೇಲೆ ಒಂದಿಷ್ಟು ನಗದು. ರಾಯರು ಮೌನವಾಗಿ ಕೇಳಿಸಿಕೊಳ್ಳುತ್ತಿದ್ದರು, ಮಗನೂ ಫೋನಿನಲ್ಲಿ ‘ಯೋಚನೆ ಮಾಡಣ್ಣಾ’ ಎನ್ನುತ್ತಿದ್ದ. ಹುರುಪಿನಲ್ಲಿ ಆತ ಕಟ್ಟಡದ ಅಳತೆ ತೋರಿಸಲು ಎರಡು ಹೆಜ್ಜೆ ಮುಂದಿಟ್ಟ, ಬೂಟುಗಾಲಲ್ಲಿ, ಮೆಕ್ಸಿಕನ್ ಮೇಲೆ. ವ್ಯವಹಾರ ಅಲ್ಲಿಗೆ ಮುರಿಯಿತು.

ಗಣೇಶ ಚೌತಿಯ ಹಿಂದಿನ ದಿನ ಮಾತ್ರ ರಾಯರನ್ನು ಮಾತಾಡಿಸಬಾರದು. ವರ್ಷವಿಡೀ ಮೆಕ್ಸಿಕನ್ ನಡುವೆ ನುಗ್ಗುವ ಗರಿಕೆಯನ್ನು ಕಿತ್ತು ಬಿಸಾಡಿ, ಆ ದಿನ ವಿಜಯನಗರದ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ, ಬಾಡಿದ ಗರಿಕೆಯ ಕಟ್ಟು ಕೊಂಡು ತರುತ್ತಾರೆ. ಗಾಲ್ಫ್ ಮೈದಾನಗಳಲ್ಲಿ ಬರ್ಮುಡಾ ಎಂದು ಮೆರೆಯುವುದೂ ಈ ಗರಿಕೆಯ ಬಳಗವೇ ಎಂದು ಅವರಿಗೆ ಗೊತ್ತು. ಗೊತ್ತಿರುವುದರಿಂದಲೇ ಸಿಟ್ಟು.

ಕಳೆದ ಚೌತಿಗೆ ಮಾರ್ಕೆಟ್ಟಿಗೆ ಹೊರಟ ಆತುರದಲ್ಲಿ ಗೇಟಿಗೆ ಅಗಳಿ ಹಾಕಲಿಲ್ಲ. ವಾಪಸು ಬಂದಾಗ ಕಾಮಾಕ್ಷಿಪಾಳ್ಯದ ಕಡೆಯ ಒಂದು ಹಸು ಒಳಗೆ ನಿಂತು ನಿಧಾನವಾಗಿ ಮೇಯುತ್ತಿತ್ತು. ಪಿಜಿ ಹುಡುಗರು ಬಾಲ್ಕನಿಯಿಂದ ವಿಡಿಯೋ ಮಾಡುತ್ತಿದ್ದರು. ರಾಯರ ಕೈಯಿಂದ ಗರಿಕೆಯ ಕಟ್ಟು ಬಿತ್ತು. ಬೀದಿಯವರೆಲ್ಲ ಸೇರಿ ಹಸುವನ್ನು ಅಟ್ಟಿದ ಮೇಲೆ ಅವರು ಮಂಡಿಯೂರಿ ನಷ್ಟದ ಲೆಕ್ಕ ಹಾಕಿದರು. ಮೂಲೆಯ ಸೆಲೆಕ್ಷನ್ ಒನ್ ನುಣ್ಣಗೆ. ಅಲ್ಲಲ್ಲಿ ಉಳಿದಿದ್ದ ಗರಿಕೆ ಮಾಯ. ನಲ್ಲಿಯ ಬಳಿಯ ಒಂದೆಲಗವೂ ಇಲ್ಲ. ಸಾವಿರಾರು ರೂಪಾಯಿಯ ಮೆಕ್ಸಿಕನ್ನನ್ನು ಹಸು ಮೂಸಿಯೂ ನೋಡಿರಲಿಲ್ಲ.

ಎದುರು ಮನೆಯವರು ಸಮಾಧಾನ ಹೇಳಲು ಹೋದರೆ ರಾಯರು ಪಂಚೆ ಕೊಡವಿಕೊಂಡು ಎದ್ದರು. ‘ನೋಡಿದ್ರಾ ಸ್ವಾಮಿ, ಕ್ವಾಲಿಟಿ ಅಂದ್ರೆ ಇದು. ಹಸೂನೇ ಮುಟ್ಟಿಲ್ಲ!’